ಉಜ್ಜಿ ಕೆಡಿಸಿದ್ದು

ನಮ್ಮ ಕಡೆ ಬೋರಿನ ಮೋಟಾರು ಓಡಲಿಲ್ಲವೆಂದರೆ ಮೊದಲು ಬಿಚ್ಚುವುದು ಸ್ಟಾರ್ಟರ್ ಡಬ್ಬಿ. ಒಳಗೆ ಪಾಯಿಂಟು ಕಪ್ಪಗಾಗಿ ಕಂಡರೆ ಸಾಕು, 'ಇಗೋ, ರೋಗ ಇಲ್ಲೇ ಐತೆ' ಅಂತ ಯಾರಾದರೊಬ್ಬರು ಪಾಲಿಶ್ ಪೇಪರ್ ತೆಗೆದು ಉಜ್ಜಲು ಕೂರುತ್ತಾರೆ. ಪೇಪರ್ ಸಿಗದಿದ್ದರೆ ಅರ. ಅದೂ ಇಲ್ಲದಿದ್ದರೆ ಬ್ಲೇಡು, ಚಾಕು, ಕೈಗೆ ಸಿಕ್ಕಿದ್ದು. ಬಿಳಿ ಹೊಳಪು ಬಂದಮೇಲೆ ಒಮ್ಮೆ ಬಾಯಿಂದ ಊದಿ, ಮುಚ್ಚಳ ಹಾಕಿ, ಹಸಿರು ಗುಂಡಿ ಒತ್ತಿದರೆ ಮೋಟಾರು ಎದ್ದೇ ಏಳುತ್ತದೆ. ಬಂದಿರುವ ತೊಂದರೆಯೇ ಅದು. ಏಳದೆ ಹೋಗಿದ್ದರೆ ಈ ಅಭ್ಯಾಸ ಎಂದೋ ಬಿಟ್ಟುಹೋಗುತ್ತಿತ್ತು.

ತಿಪಟೂರು ಸೀಮೆಯ ತೆಂಗಿನ ತೋಟಗಳಲ್ಲಿ ನಾನೂ ಹೀಗೆ ಉಜ್ಜಿದವನೇ. ಐಟಿಐಯಲ್ಲಿ ಎಲೆಕ್ಟ್ರಿಷಿಯನ್ ಟ್ರೇಡು ಮುಗಿಸಿ, ಕೆಲಸ ಸಿಗುವವರೆಗೆ ಊರಲ್ಲಿದ್ದ ಕಾಲ. ಸರ್ಟಿಫಿಕೇಟು ಇರೋನು ಅಂತ ಜನ ಕರೆಯುತ್ತಿದ್ದರು, ನಾನು ಕೈಚೀಲ ಹಿಡಿದು ಹೋಗುತ್ತಿದ್ದೆ. ಆಗ ಚಿಕ್ಕಪ್ಪನ ಏಳೂವರೆ ಎಚ್‌ಪಿ ಮೋಟಾರು ಸುಟ್ಟದ್ದು ನನ್ನ ಕೈಯಿಂದ. ತಪ್ಪನ್ನು ಲೋ ವೋಲ್ಟೇಜಿನ ತಲೆಗೆ ಕಟ್ಟಿ ಬಹಳ ಕಾಲ ಸುಮ್ಮನಿದ್ದೆ.

ಉಜ್ಜುವ ಚಟ ಹತ್ತಿದ್ದು ಅಪ್ಪನ ಹಳೇ ಸ್ಕೂಟರಿನಿಂದ. ಎಲೆಕ್ಟ್ರಾನಿಕ್ ಇಗ್ನಿಷನ್ ಬರುವ ಮೊದಲಿನ ಗಾಡಿ ಅದು. ಸಿಬಿ ಪಾಯಿಂಟು ಅಂತ ಒಂದು ಪುಟ್ಟ ಜೋಡಿ, ಎಂಜಿನ್ ತಿರುಗಿದಂತೆ ಒಂದಕ್ಕೊಂದು ತಾಗುತ್ತಾ ಬಿಡುತ್ತಾ ಇರುತ್ತದೆ; ಬಿಟ್ಟಾಗ ನಡುವಿನ ಸಂದು ಮಿಲಿಮೀಟರಿನ ಅರ್ಧದಷ್ಟೂ ಇಲ್ಲ. ಬಿಟ್ಟ ಕ್ಷಣದಲ್ಲೇ ಕಾಯಿಲಿನಿಂದ ಪ್ಲಗ್ಗಿಗೆ ಕಿಡಿ. ಗಾಡಿ ಕಿಕ್ಕಿಗೆ ಬಗ್ಗದಿದ್ದರೆ ಅಪ್ಪ ಪಾಯಿಂಟಿನ ನಡುವೆ ಪೇಪರ್ ತೂರಿಸಿ ನಾಲ್ಕು ಸಲ ಎಳೆಯುತ್ತಿದ್ದರು, ಗಾಡಿ ಗುಡುಗುಟ್ಟಿ ಶುರುವಾಗುತ್ತಿತ್ತು. ಅಲ್ಲಿ ಅದು ಅಷ್ಟೇನೂ ತಪ್ಪಲ್ಲ. ಆ ಪಾಯಿಂಟು ಟಂಗ್‌ಸ್ಟನ್ನಿನದು, ಗಟ್ಟಿ ಲೋಹ, ತುಸು ಸವೆದರೂ ಒಳಗೆ ಅದೇ ಲೋಹ ಇರುತ್ತದೆ. ಸಂದನ್ನು ಫೀಲರ್ ಗೇಜಿನಲ್ಲಿ ಮತ್ತೆ ಕೂರಿಸಿಕೊಂಡರೆ ಆಯಿತು. ಆದರೆ ಸ್ಕೂಟರ್ ಮೇಸ್ತ್ರಿ ಅಪ್ಪನಿಗೆ ಇನ್ನೊಂದು ಮಾತನ್ನೂ ಹೇಳುತ್ತಿದ್ದ: "ಪಾಯಿಂಟು ಪದೇ ಪದೇ ಸುಡ್ತಾ ಇದ್ರೆ ಪಾಯಿಂಟು ನೋಡಬ್ಯಾಡಿ ಸಾರ್, ಕಂಡೆನ್ಸರ್ ನೋಡಿ." ಪಾಯಿಂಟು ಬಿಡುವಾಗ ಕಾಯಿಲಿನಲ್ಲಿ ಏಳುವ ಇನ್ನೂರು ಮುನ್ನೂರು ವೋಲ್ಟಿನ ನೂಕನ್ನು ತಾನು ನುಂಗಿಕೊಂಡು, ಸಂದು ಅಗಲವಾಗುವವರೆಗೆ ಕಿಡಿಯನ್ನು ತಡೆಯುವುದು ಆ ಕಂಡೆನ್ಸರಿನ ಕೆಲಸ. ಅದು ಸತ್ತರೆ ಒಂದು ಪಾಯಿಂಟಿನಲ್ಲಿ ಗುಳಿ, ಎದುರಿನದರಲ್ಲಿ ದಿಬ್ಬ. ಇಲ್ಲಿಂದ ಕಿತ್ತ ಲೋಹ ಅಲ್ಲಿ ಹೋಗಿ ಕೂತಿರುತ್ತದೆ. ಮೇಸ್ತ್ರಿಯ ಮಾತು ನನ್ನ ಕಿವಿಗೂ ಬಿದ್ದಿತ್ತು. ನಾನು ಕಲಿತದ್ದು ಪೇಪರ್ ಎಳೆಯುವುದನ್ನು ಮಾತ್ರ.

ಚಿಕ್ಕಪ್ಪನ ಸ್ಟಾರ್ಟರಿನ ಕಥೆ ಶುರುವಾದದ್ದು ಸದ್ದಿನಿಂದ. ತ್ರೀ ಫೇಸ್ ಕೊಡುವುದು ದಿನಕ್ಕೆ ಏಳು ಗಂಟೆ, ಅದರಲ್ಲಿ ಅರ್ಧ ರಾತ್ರಿ ಪಾಳಿ. ನಡುರಾತ್ರಿ ಎದ್ದು ಹೋಗುವವರು ಯಾರು? ಎಲ್ಲರ ಮನೆಯಲ್ಲೂ ಆಟೋ ಸ್ಟಾರ್ಟರ್. ಕರೆಂಟು ಬಂದ ತಕ್ಷಣ ಆ ಟ್ರಾನ್ಸ್‌ಫಾರ್ಮರಿನ ಕೆಳಗಿರುವ ಅಷ್ಟೂ ಮೋಟಾರು ಒಟ್ಟಿಗೇ ಏಳಲು ಹೊರಡುತ್ತವೆ. ಏಳುವಾಗ ಪ್ರತಿಯೊಂದೂ ಓಡುವಾಗಿನ ಐದಾರು ಪಟ್ಟು ಕರೆಂಟು ಎಳೆಯುತ್ತದೆ. ಲೈನಿನ 415 ವೋಲ್ಟು ಆ ಹೊತ್ತಿಗೆ 300ರ ಆಸುಪಾಸಿಗೆ ಕುಸಿಯುತ್ತದೆ. ಸ್ಟಾರ್ಟರಿನೊಳಗೆ ಪಾಯಿಂಟು ಕೂಡಿಸಿ ಬಿಡುವ ಸಾಮಾನ್ಯ ಕಾಂಟ್ಯಾಕ್ಟರಿನ ಕಾಯಿಲು ತನ್ನ ವೋಲ್ಟೇಜಿನ ನೂರಕ್ಕೆ 85ರಷ್ಟಾದರೂ ಇದ್ದರೆ ಗಟ್ಟಿಯಾಗಿ ಎಳೆದು ಹಿಡಿದೀತು. ಅದಕ್ಕಿಂತ ಕೆಳಗಿಳಿದರೆ ಎಳೆಯುತ್ತದೆ, ಬಿಡುತ್ತದೆ, ಮತ್ತೆ ಎಳೆಯುತ್ತದೆ. ಟರ್‌ರ್‌ರ್ ಅಂತ ಒಂದೇ ಸಮನೆ ಬಡಿದುಕೊಳ್ಳುವ ಆ ಸದ್ದು ತೋಟದ ಮನೆಯಲ್ಲಿ ಮಲಗಿದವರಿಗೆಲ್ಲ ಗೊತ್ತು. ನಾಯಿಗಳೂ ಅದಕ್ಕೆ ಬೊಗಳುವುದನ್ನು ಬಿಟ್ಟಿರುತ್ತವೆ.

ಚಿಕ್ಕಪ್ಪ ಕರೆದದ್ದು ಈ ಸದ್ದಿಗಲ್ಲ, ಬೆಳಿಗ್ಗೆ ಮೋಟಾರು ಏಳದ್ದಕ್ಕೆ. ಡಬ್ಬಿ ಬಿಚ್ಚಿದೆ. ಮೂರು ಫೇಸಿಗೆ ಮೂರು ಸಾಲು, ಸಾಲಿಗೆ ಎರಡು ಕಡೆ ತಾಗುವ ಪಾಯಿಂಟುಗಳು. ತಾಮ್ರದ ಪಟ್ಟಿಯ ತುದಿಯಲ್ಲಿ ಕಿರುಬೆರಳ ಉಗುರಿನಗಲದ ಬೆಳ್ಳಿ ಬಿಲ್ಲೆ ಬೆಸೆದಿರುತ್ತದೆ. ನಡುವೆ ಕೊಂಚ ಉಬ್ಬು. ಹೊಸದರಲ್ಲಿ ಅದು ಮಾಸಲು ಬಿಳಿ. ಈಗ ನಡುವೆ ಬೂದು ಬಣ್ಣದ ಒರಟು ತಗ್ಗು, ಸುತ್ತ ಕಾಡಿಗೆಯಂಥ ಕಪ್ಪು, ಅಂಚಿನಲ್ಲಿ ಕರಗಿ ಗಟ್ಟಿಯಾದ ಸಣ್ಣ ಸಣ್ಣ ಮಣಿಗಳು. ಒಂದು ಜೋಡಿಯಂತೂ ಅಂಟಿಕೊಂಡೇ ಇತ್ತು, ಸ್ಕ್ರೂಡ್ರೈವರ್ ತೂರಿಸಿ ಎಬ್ಬಿಸಿದೆ. ಆಮೇಲೆ ಅರ ತೆಗೆದುಕೊಂಡೆ. ಚೆನ್ನಾಗಿ ಉಜ್ಜಿದೆ. ಮಟ್ಟಸವಾಗಲಿ ಅಂತ ಉಬ್ಬನ್ನೂ ಇಳಿಸಿದೆ. ಕೊನೆಗೆ ಪಾಲಿಶ್ ಪೇಪರಿನಲ್ಲಿ ಕನ್ನಡಿಯಂತೆ ಮಾಡಿ ಚಿಕ್ಕಪ್ಪನಿಗೆ ತೋರಿಸಿದೆ.

"ಹೊಸದು ಹಾಕ್ದಂಗಾಯ್ತಲ್ಲೋ!" ಅಂದರು ಚಿಕ್ಕಪ್ಪ. ಚಿಕ್ಕಮ್ಮ ಕಾಫಿ ಕೊಟ್ಟರು.

ಮುಂದಿನ ತಿಂಗಳುಗಳಲ್ಲಿ ಅದೇ ಡಬ್ಬಿಯನ್ನು ಮತ್ತೆ ಮತ್ತೆ ಬಿಚ್ಚಿದೆ. ಪ್ರತಿ ಸಲವೂ ಹಿಂದಿನದಕ್ಕಿಂತ ಬೇಗ ಕಪ್ಪಾಗಿರುತ್ತಿತ್ತು. ಆಗಲೇ ಅನುಮಾನ ಬರಬೇಕಿತ್ತು. ಬರಲಿಲ್ಲ. ಒಂದು ಸಲ ಒಂದು ಬಿಲ್ಲೆಯ ಅಂಚಿನಲ್ಲಿ ಕೆಂಪು ಕಂಡಿತು, ತಾಮ್ರದ ಕೆಂಪು. ನೋಡಿಯೂ ಮುಚ್ಚಳ ಹಾಕಿದೆ. ಇದರ ನಡುವೆ, ಕರೆಂಟು ಮಿತಿಮೀರಿದರೆ ಮೋಟಾರನ್ನು ನಿಲ್ಲಿಸುವ ಓವರ್‌ಲೋಡ್ ರಿಲೇ ಆಗಾಗ ಬೀಳತೊಡಗಿತು. ಅದರ ಗುಂಡಿ 14 ಆಂಪಿಯರಿನಲ್ಲಿತ್ತು. ಪದೇ ಪದೇ ಬರಲು ಬೇಜಾರಾಗಿ ಅದನ್ನು ಕೊನೆಯ ಗೆರೆಗೆ ತಿರುಗಿಸಿದೆ. ಅರ ಹಿಡಿದದ್ದು ತಿಳಿಯದೆ. ಗುಂಡಿ ತಿರುಗಿಸಿದ್ದು ಮಾತ್ರ ಪೂರ್ತಿ ತಿಳಿದು. ಐಟಿಐಯಲ್ಲಿ ಆ ಪಾಠದ ಪ್ರಶ್ನೆಗೆ ಉತ್ತರ ಬರೆದು ಪಾಸಾದವನು ನಾನು.

ಮೋಟಾರು ಸುಟ್ಟದ್ದು ಬೇಸಿಗೆಯ ಒಂದು ರಾತ್ರಿ, ತೆಂಗಿಗೆ ನೀರು ತೀರಾ ಬೇಕಿದ್ದಾಗ. ಬೋರಿನಿಂದ ಮೋಟಾರು ಎತ್ತುವವರು ಬಂದು ಮುಕ್ಕಾಲಿ ನಿಲ್ಲಿಸಿ, ಚೈನ್ ಪುಲ್ಲಿ ಕಟ್ಟಿ, ಇಪ್ಪತ್ತಡಿಯ ಪೈಪನ್ನು ಒಂದೊಂದಾಗಿ ಎಳೆದು ಕ್ಲಾಂಪು ಹಾಕಿ ಬಿಚ್ಚುತ್ತಾ ಹೋದರು. ಕೇಬಲನ್ನು ಸುತ್ತುವ ಕೆಲಸ ನನ್ನದು. ಯಾರೂ ನನ್ನನ್ನು ಏನೂ ಕೇಳಲಿಲ್ಲ. ಕೇಳಿದ್ದರೆ ಮೇಲಿತ್ತು.

ತಿಪಟೂರಿನಲ್ಲಿ ವೈಂಡಿಂಗ್ ಮಾಡುವ ಭಾಯ್ ಮೋಟಾರು ಬಿಚ್ಚಿ ನನ್ನನ್ನು ಒಳಗೆ ಕರೆದರು. "ನೋಡು ತಮ್ಮಾ, ಎರಡು ಫೇಸಿನ ಕಾಯಿಲು ಕರಗಿದೆ. ಮೂರನೇದು ಮೊನ್ನೆ ಸುತ್ತಿದಂಗಿದೆ. ಮೂರೂ ಕರಗಿದ್ರೆ ಮೋಟಾರಿನ ತಪ್ಪು ಅಂತಿದ್ದೆ. ಇದು ಸಿಂಗಲ್ ಫೇಸಿಂಗು. ಒಂದು ಫೇಸು ಬಂದೇ ಇಲ್ಲ." ಒಂದು ಫೇಸು ತಪ್ಪಿದರೆ ಮೋಟಾರು ನಿಲ್ಲಿಸುವ ಪ್ರಿವೆಂಟರ್ ಇದೆಯಲ್ಲ ಅಂದೆ ನಾನು. "ಎಲ್ಲಿ ಕೂತಿದೆ ಅದು? ಸ್ಟಾರ್ಟರಿಗಿಂತ ಮುಂಚೆ. ಲೈನಲ್ಲಿ ಮೂರು ಫೇಸೂ ಇದೆ, ಅದು ಸುಮ್ನಿದೆ. ಪಾಯಿಂಟು ದಾಟಿದ ಮೇಲೆ ಫೇಸು ಹೋದ್ರೆ ಅದಕ್ಕೆಲ್ಲಿ ಗೊತ್ತಾಗುತ್ತೆ? ಪಾಯಿಂಟು ನೋಡಿದ್ಯಾ?"

ನೋಡಿದ್ದೆ. ಉಜ್ಜಿಯೂ ಇದ್ದೆ.

ಭಾಯ್ ಹೇಳಿದ್ದರ ಹಿಂದಿನ ಲೆಕ್ಕ ಇಷ್ಟು. ಮೂರರಲ್ಲಿ ಒಂದು ಪಾಯಿಂಟಿನ ಬೆಳ್ಳಿ ಮುಗಿದು ತಾಮ್ರ ತಾಗತೊಡಗಿತ್ತು. ಬೆಳ್ಳಿ ಕಪ್ಪಾದರೂ ದೊಡ್ಡ ಅಡ್ಡಿಯಿಲ್ಲ, ಅದರ ಆಕ್ಸೈಡು ಬಿಸಿಗೆ ಒಡೆದು ಮತ್ತೆ ಬೆಳ್ಳಿಯೇ ಆಗುತ್ತದೆ. ತಾಮ್ರದ್ದು ಹಾಗಲ್ಲ. ಬಿಸಿಯಾದಷ್ಟೂ ಆಕ್ಸೈಡು ದಪ್ಪವಾಗುತ್ತದೆ, ದಪ್ಪವಾದಷ್ಟೂ ತಡೆ ಹೆಚ್ಚುತ್ತದೆ, ತಡೆ ಹೆಚ್ಚಿದಷ್ಟೂ ಬಿಸಿ. ಬರೀ 0.2 ಓಮ್ ಇದ್ದರೂ 13 ಆಂಪಿಯರಿಗೆ 34 ವ್ಯಾಟಿನ ಶಾಖ, ಅದೂ ಉಗುರಿನಗಲದಲ್ಲಿ. ಒಂದು ರಾತ್ರಿ ಮೋಟಾರು ಓಡುತ್ತಿರುವಾಗಲೇ ಅದು ಕೈಬಿಟ್ಟಿದೆ. ಓಡುತ್ತಿರುವ ಮೋಟಾರು ಎರಡೇ ಫೇಸಿನಲ್ಲಿಯೂ ನಿಲ್ಲದೆ ತಿರುಗುತ್ತದೆ, ಆದರೆ ಉಳಿದೆರಡರ ಕರೆಂಟು ಹತ್ತಿರ ಹತ್ತಿರ 1.73 ಪಟ್ಟಾಗುತ್ತದೆ. 13 ಇದ್ದದ್ದು 22-23. ರಿಲೇ 14ರಲ್ಲಿದ್ದಿದ್ದರೆ ಮೋಟಾರನ್ನು ಉಳಿಸುತ್ತಿತ್ತು.

ಪಾಯಿಂಟಿನಲ್ಲಿ ಕಿಡಿ ಯಾಕೆ ಏಳುತ್ತದೆಂಬುದು ನನಗೆ ಸರಿಯಾಗಿ ತಿಳಿದದ್ದು ಆಮೇಲೆ. ಗಾಳಿಯನ್ನು ಸೀಳಿಕೊಂಡು ಕರೆಂಟು ಹಾರುತ್ತದೆ ಅಂತ ತಿಳಿದಿದ್ದೆ. ಗಾಳಿ ಅಷ್ಟು ಸುಲಭಕ್ಕೆ ದಾರಿ ಬಿಡುವುದಿಲ್ಲ. ಜರ್ಮನಿಯ ಫ್ರೆಡ್ರಿಕ್ ಪಾಶೆನ್ 1889ರಲ್ಲೇ ಈ ನಿಯಮವನ್ನು ಕೊಟ್ಟ: ಸಂದು ಕಿರಿದಾದಂತೆ ಕಿಡಿ ಹಾರಲು ಬೇಕಾದ ವೋಲ್ಟೇಜು ಇಳಿಯುತ್ತಾ ಬರುತ್ತದೆ, ಒಂದು ಹಂತದ ನಂತರ ಮತ್ತೆ ಏರುತ್ತದೆ. ಮಾಮೂಲಿ ಗಾಳಿಗೆ ಆ ತಳಮಟ್ಟ ಸುಮಾರು 330 ವೋಲ್ಟು, ಸಂದು ಆಗ ಮಿಲಿಮೀಟರಿನ ಸಾವಿರದಲ್ಲಿ ಏಳೆಂಟು ಪಾಲು. ಹಾಗಿದ್ದರೆ ಟ್ರ್ಯಾಕ್ಟರಿನ ಬರೀ 12 ವೋಲ್ಟಿನ ಬ್ಯಾಟರಿಯ ತಂತಿ ಬಿಚ್ಚಿದಾಗ ಚಿಟ್ ಎನ್ನುವುದೇಕೆ?

ಲೋಹದಿಂದ. ಕಣ್ಣಿಗೆ ನುಣುಪಾಗಿ ಕಂಡರೂ ಎರಡು ಪಾಯಿಂಟುಗಳು ತಾಗುವುದು ಬೀಸುವ ಕಲ್ಲಿನ ಎರಡು ಹೋಳುಗಳ ಹಾಗೆ, ಅಲ್ಲೊಂದು ಇಲ್ಲೊಂದು ಏಣಿನಲ್ಲಿ ಮಾತ್ರ. ಸ್ವೀಡನ್ನಿನ ರಾಗ್ನಾರ್ ಹೋಲ್ಮ್ ತನ್ನ ಬದುಕಿನ ಬಹುಪಾಲನ್ನು ಈ ಪುಟ್ಟ ತಾಣಗಳ ಅಧ್ಯಯನದಲ್ಲೇ ಕಳೆದ. ಪಾಯಿಂಟು ಬಿಡತೊಡಗಿದಾಗ ತಾಣಗಳು ಒಂದೊಂದೇ ಕಳಚಿ, ಕೊನೆಗೆ ಒಂದೇ ಒಂದು ಉಳಿಯುತ್ತದೆ. ಅಷ್ಟೂ ಕರೆಂಟು ಅದರ ಮೂಲಕ. ಆ ತಾಣದ ಎರಡು ಬದಿಯ ನಡುವೆ ಅರ್ಧ ವೋಲ್ಟೂ ಬೇಡ, ಬೆಳ್ಳಿ ಕರಗಲು 0.37 ವೋಲ್ಟು ಸಾಕು. 962 ಡಿಗ್ರಿಗೆ ಕರಗಿದ ಬೆಳ್ಳಿ ಎಳೆಯಾಗಿ ಜಗ್ಗಿ, ಇನ್ನೂ ಕಾದು, ಸಿಡಿದು ಆವಿಯಾಗುತ್ತದೆ. ಕಿಡಿ ಹೊತ್ತಿಕೊಳ್ಳುವುದು ಈ ಲೋಹದ ಆವಿಯಲ್ಲಿ. ಆಮೇಲೆ ಅದಕ್ಕೆ ನೂರಾರು ವೋಲ್ಟಿನ ಹಂಗಿಲ್ಲ, ಬೆಳ್ಳಿಯ ಪಾಯಿಂಟಿನ ನಡುವೆ ಹನ್ನೆರಡರ ಆಸುಪಾಸು ವೋಲ್ಟು, ಅರ್ಧ ಆಂಪಿಯರಿನಷ್ಟು ಕರೆಂಟು ಸಿಕ್ಕರೆ ಉರಿಯುತ್ತಲೇ ಇರುತ್ತದೆ. ಪ್ರತಿ ಸಲವೂ ಒಂದು ಚೂರು ಲೋಹ ಹಾರುತ್ತದೆ, ಒಂದು ಸಣ್ಣ ಗುಳಿ ಉಳಿಯುತ್ತದೆ.

ತಾಗುವಾಗಲೂ ಇದೇ ಪಾಡು, ಇನ್ನೂ ಕೆಟ್ಟದಾಗಿ. ಪಾಯಿಂಟು ಬಂದು ಬಡಿದಾಗ ಒಂದೇ ಸಲಕ್ಕೆ ಕೂರುವುದಿಲ್ಲ, ಕೆಲವು ಮಿಲಿ ಸೆಕೆಂಡಿನ ಒಳಗೆ ಹಲವು ಸಲ ಪುಟಿಯುತ್ತದೆ. ಮೋಟಾರು ಐದಾರು ಪಟ್ಟು ಕರೆಂಟು ಎಳೆಯುವುದೂ ಆಗಲೇ. ಪ್ರತಿ ಪುಟಿತಕ್ಕೂ ಒಂದು ಕಿಡಿ. ಕರಗಿದ ಬೆಳ್ಳಿಯ ಮೇಲೆ ಮತ್ತೆ ಬಂದು ಕೂತರೆ ಬೆಸುಗೆ. ಅದಕ್ಕೇ ಕಾಂಟ್ಯಾಕ್ಟರಿನಲ್ಲಿ ಅಪ್ಪಟ ಬೆಳ್ಳಿ ಇರುವುದಿಲ್ಲ. ಬಹುಕಾಲ ಬೆಳ್ಳಿಗೆ ಕ್ಯಾಡ್ಮಿಯಂ ಆಕ್ಸೈಡ್ ಬೆರೆಸುತ್ತಿದ್ದರು, ಕ್ಯಾಡ್ಮಿಯಂ ವಿಷವೆಂದು ಈಗ ತವರದ ಆಕ್ಸೈಡ್ ಬೆರೆಸುವುದು ಹೆಚ್ಚು. ಬೆಸೆದುಕೊಳ್ಳದಿರಲಿ, ಸವೆತ ನಿಧಾನವಾಗಲಿ ಅಂತ. ಸ್ಪ್ರಿಂಗು ಪಾಯಿಂಟನ್ನು ತಾಗಿದ ಮೇಲೂ ಒಂದಿಷ್ಟು ಒತ್ತಿ ಹಿಡಿಯುವಂತೆ ಇಟ್ಟಿರುವುದೂ ಪುಟಿತ ತಗ್ಗಲೆಂದೇ.

ಇನ್ನು ನನ್ನ ಅರದ ಕೆಲಸ ನೋಡಿ. ಬೆಳ್ಳಿಯನ್ನು ಉಜ್ಜಿ ತೆಗೆದೆ. ಕಿಡಿ ವರ್ಷಗಟ್ಟಲೆ ತಿನ್ನುವಷ್ಟನ್ನು ನಾನು ಒಂದು ಕಾಫಿಯ ಹೊತ್ತಿನಲ್ಲಿ ತಿಂದೆ. ಬಿಲ್ಲೆ ತೆಳುವಾದಷ್ಟೂ ಸ್ಪ್ರಿಂಗಿನ ಒತ್ತು ಸಡಿಲವಾಯಿತು, ಪುಟಿತ ಹೆಚ್ಚಿತು, ಕಿಡಿ ಹೆಚ್ಚಿತು. ಕೈ ಸ್ವಲ್ಪ ವಾಲಿದ್ದರಿಂದ ಪಾಯಿಂಟು ಅಂಚಿನಲ್ಲಿ ಮಾತ್ರ ತಾಗತೊಡಗಿತು. ಪಾಲಿಶ್ ಪೇಪರಿನ ಹರಳುಗಳು ಮೆತ್ತನೆಯ ಬೆಳ್ಳಿಯಲ್ಲಿ ನಾಟಿಕೊಂಡವು, ಅವು ಕರೆಂಟು ಹರಿಯಗೊಡದ ಕಲ್ಲಿನ ಪುಡಿ. ಕಾಂಟ್ಯಾಕ್ಟರಿನ ಜೊತೆ ಬರುವ ಚೀಟಿಯಲ್ಲಿ ಬೆಳ್ಳಿ ಪಾಯಿಂಟನ್ನು ಅರದಿಂದ ಉಜ್ಜಬೇಡಿ, ಕಪ್ಪಾದರೂ ಒರಟಾದರೂ ಹಾಗೇ ಬಿಡಿ, ಬೆಳ್ಳಿ ಮುಗಿಯುತ್ತ ಬಂದಾಗ ಸೆಟ್ಟನ್ನೇ ಬದಲಿಸಿ ಎಂಬ ಅರ್ಥದ ಮಾತು ಸಾಮಾನ್ಯವಾಗಿ ಇರುತ್ತದೆ. ಆ ಚೀಟಿಯಲ್ಲಿ ಚಿಕ್ಕಮ್ಮ ಕೊಬ್ಬರಿ ಮಾರಿದ ಲೆಕ್ಕ ಬರೆದಿಟ್ಟಿದ್ದರು.

ಇಷ್ಟಾಗಿ, ಮೂಲ ರೋಗ ಪಾಯಿಂಟಿನಲ್ಲಿ ಇರಲೇ ಇಲ್ಲ. ರಾತ್ರಿಯ ಆ ಟರ್‌ರ್ ಸದ್ದಿನಲ್ಲಿತ್ತು. ಒಂದು ನಿಮಿಷ ಹಾಗೆ ಬಡಿದುಕೊಂಡರೆ ತಿಂಗಳುಗಟ್ಟಲೆಯ ಸವೆತ ಅಷ್ಟರಲ್ಲೇ ಆಗಿಹೋಗುತ್ತದೆ. ಸ್ಕೂಟರ್ ಮೇಸ್ತ್ರಿ ಹೇಳಿದ ಕಂಡೆನ್ಸರ್ ಇಲ್ಲಿ ಲೋ ವೋಲ್ಟೇಜಿನ ವೇಷದಲ್ಲಿತ್ತು. ಕೊನೆಗೆ ಮಾಡಿದ್ದು ಸಣ್ಣ ಕೆಲಸ: ಕಡಿಮೆ ವೋಲ್ಟೇಜಿಗೂ ಎಳೆದು ಹಿಡಿಯುವ ಕಾಯಿಲು, ಹೊಸ ಪಾಯಿಂಟು ಸೆಟ್ಟು, ಕರೆಂಟು ಬಂದ ಕೂಡಲೇ ಏಳದೆ ಊರಿನ ಮೋಟಾರೆಲ್ಲ ಎದ್ದ ಮೇಲೆ ಏಳುವಂತೆ ಒಂದು ಟೈಮರು, ಮೋಟಾರಿಗೆ ಹೋಗುವ ಕರೆಂಟನ್ನೇ ನೋಡುವ ಪ್ರಿವೆಂಟರು. ಎಲ್ಲ ಸೇರಿ ಮೋಟಾರು ಎತ್ತಿ ಇಳಿಸಿದ ಕೂಲಿಯಷ್ಟೂ ಆಗಲಿಲ್ಲ.

ಮುಂದೆ ಬೆಂಗಳೂರಿನ ಪೀಣ್ಯದಲ್ಲಿ ಒಂದು ಟೂಲ್ ರೂಮಿನ ಮೆಂಟೆನೆನ್ಸ್ ಕೆಲಸಕ್ಕೆ ಸೇರಿದೆ. ಅಲ್ಲಿ ಈಡಿಎಂ ಮಷಿನ್ನುಗಳಿದ್ದವು, ಹುಡುಗರ ಬಾಯಲ್ಲಿ ಸ್ಪಾರ್ಕ್ ಮಷಿನ್. ಎಣ್ಣೆ ತುಂಬಿದ ತೊಟ್ಟಿಯಲ್ಲಿ ಗಟ್ಟಿ ಉಕ್ಕಿನ ಅಚ್ಚು. ಮೇಲಿನಿಂದ ತಾಮ್ರದ ಎಲೆಕ್ಟ್ರೋಡು ಇಳಿದು ಬಂದು, ಇನ್ನೇನು ತಾಗಬೇಕು ಅನ್ನುವಷ್ಟರಲ್ಲಿ ನಿಲ್ಲುತ್ತದೆ. ಕೂದಲೆಳೆಯಷ್ಟು ಸಂದು. ಅಲ್ಲಿಂದ ಚಿಟಿಚಿಟಿಚಿಟಿ, ಎಣ್ಣೆಯಡಿಯಲ್ಲಿ ನೀಲಿ ಮಿನುಗು, ಮೇಲೆ ಕಮಟು ಹೊಗೆ, ಮತ್ತು ಯಾವ ಡ್ರಿಲ್ಲಿಗೂ ಬಗ್ಗದ ಉಕ್ಕಿನಲ್ಲಿ ತಾಮ್ರದ ಆಕಾರದ್ದೇ ಗುಳಿ. ಒಂದು ಸಲ ಮುಗಿದ ಅಚ್ಚಿನ ಮೈಯನ್ನು ಇನ್‌ಸ್ಪೆಕ್ಷನ್ನಿನ ಭೂತಗನ್ನಡಿಯಲ್ಲಿ ನೋಡಿದೆ. ಗುಳಿಯ ಮೇಲೆ ಗುಳಿ, ಅಂಚಿನಲ್ಲಿ ಕರಗಿ ಗಟ್ಟಿಯಾದ ಮಣಿ. ಚಿಕ್ಕಪ್ಪನ ಪಾಯಿಂಟಿನಲ್ಲಿ ನಾನು ಅಳಿಸಿ ಹಾಕಿದ್ದೂ ಇದನ್ನೇ. ಇಲ್ಲಿ ಇದನ್ನು ಕಾಸು ಕೊಟ್ಟು ಮಾಡಿಸುತ್ತಾರೆ!

ಆ ಮಷಿನ್ನಿನ ಹುಟ್ಟು ನನ್ನಂಥವರಿಗೆ ಸಮಾಧಾನ ಕೊಡುವಂಥದು. 1943ರಲ್ಲಿ ಸೋವಿಯತ್ ಒಕ್ಕೂಟದಲ್ಲಿ ಬೊರಿಸ್ ಮತ್ತು ನತಾಲ್ಯಾ ಲಜರೆಂಕೊ ಎಂಬ ವಿಜ್ಞಾನಿ ದಂಪತಿಗೆ ವಹಿಸಿದ್ದು ಎಂಜಿನ್ನಿನ ಇಗ್ನಿಷನ್ನಿನ ಟಂಗ್‌ಸ್ಟನ್ ಪಾಯಿಂಟು ಸವೆಯದಂತೆ ಮಾಡುವ ಕೆಲಸ. ಯುದ್ಧದ ಕಾಲ, ಗಾಡಿಗಳು ನಿಲ್ಲುವ ಹಾಗಿಲ್ಲ. ಅವರು ಪಾಯಿಂಟನ್ನು ಎಣ್ಣೆಯಲ್ಲಿ ಮುಳುಗಿಸಿ ನೋಡಿದರು. ಸವೆತ ನಿಲ್ಲಲಿಲ್ಲ, ಆದರೆ ಗಾಳಿಯಲ್ಲಿ ಅಡ್ಡಾದಿಡ್ಡಿಯಾಗಿದ್ದದ್ದು ಎಣ್ಣೆಯಲ್ಲಿ ಒಂದೇ ಹದಕ್ಕೆ ಬಂತು. ತಡೆಯಲಾಗದ ಈ ಸವೆತವನ್ನೇ ಕೆಲಸಕ್ಕೆ ಹಚ್ಚಬಾರದೇಕೆ ಅಂತ ಯೋಚಿಸಿದರು. ಪೀಣ್ಯದ ಆ ಮಷಿನ್ನು ಈ ಯೋಚನೆಯ ಮರಿಮಗ. ಅಪ್ಪನ ಸ್ಕೂಟರಿನಲ್ಲಿದ್ದಂಥದೇ ಪಾಯಿಂಟು, ಅದೇ ಗುಳಿ. ನನ್ನ ಕೈಯಲ್ಲಿ ಪೇಪರ್ ಇತ್ತು, ಅವರ ಕೈಯಲ್ಲಿ ಪ್ರಶ್ನೆ ಇತ್ತು. ಇರಲಿ.

ರಿಲೇ ಗುಂಡಿಯ ವಿಷಯ ಚಿಕ್ಕಪ್ಪನಿಗೆ ಹೇಳಿದ್ದು ತೀರಾ ಈಚೆಗೆ, ಹಬ್ಬಕ್ಕೆ ಹೋದಾಗ. ಎಲೆ ಅಡಿಕೆ ಹಾಕಿಕೊಳ್ಳುತ್ತಾ ಕೇಳಿಸಿಕೊಂಡರು. "ನೀನು ತಿರುಗ್ಸಿದ್ದು ಗೊತ್ತಿತ್ತು ಕಣ್ಲಾ. ನಾಕು ಗೆರೆ ನಾನೂ ತಿರುಗ್ಸಿದ್ದೆ, ನಿನ್ಗಿಂತ ಮುಂಚೆ. ಹನ್ನೆರಡ್ರಲ್ಲಿತ್ತು ಅದು." ಅಷ್ಟು ವರ್ಷ ಅವರೂ ಬಾಯಿಬಿಟ್ಟಿರಲಿಲ್ಲ.

ಅವತ್ತೇ ಅವರ ಮಗ ನನ್ನನ್ನು ಕೊಟ್ಟಿಗೆಯ ಹಿಂದಕ್ಕೆ ಕರೆದುಕೊಂಡು ಹೋದ. ಹೊಸದಾಗಿ ಸೋಲಾರ್ ಪಂಪು ಹಾಕಿಸಿದ್ದಾನೆ. ಪ್ಯಾನೆಲ್ಲಿಗೂ ಕಂಟ್ರೋಲರಿಗೂ ನಡುವೆ ಒಂದು ಸ್ವಿಚ್ಚು ಬೇಕು, ಹಳೇ ಸ್ಟಾರ್ಟರಿನ ಕಾಂಟ್ಯಾಕ್ಟರನ್ನೇ ಹಾಕಿದರೆ ಹೇಗೆ ಅಂತ ಕೇಳಿದ. "ಅಣ್ಣ, ಇದು 415 ವೋಲ್ಟು ತಡೀತಿತ್ತು. ಪ್ಯಾನೆಲ್ಲಿಂದ ಬರೋದು ಮುನ್ನೂರು ಚಿಲ್ರೆ." ನಾನಾಗಿದ್ದರೆ ಆ ವಯಸ್ಸಿನಲ್ಲಿ ಕೇಳದೆಯೇ ಹಾಕಿಬಿಡುತ್ತಿದ್ದೆ.

ಲೈನಿನ ಕರೆಂಟು ಎಸಿ, ಸೆಕೆಂಡಿಗೆ ನೂರು ಸಲ ಸೊನ್ನೆಗೆ ಬಂದುಹೋಗುತ್ತದೆ. ಪಾಯಿಂಟು ಬಿಟ್ಟಾಗ ಎದ್ದ ಕಿಡಿ ಆರಲು ಹೆಚ್ಚೆಂದರೆ ಸೆಕೆಂಡಿನ ನೂರನೇ ಒಂದು ಪಾಲು ಕಾದರೆ ಸಾಕು, ಸೊನ್ನೆ ಬಂದು ಅದನ್ನು ಆರಿಸುತ್ತದೆ. ಪ್ಯಾನೆಲ್ಲಿನದು ಡಿಸಿ, ಅಲ್ಲಿ ಸೊನ್ನೆಯೇ ಇಲ್ಲ. ಕಿಡಿಯನ್ನು ಎಳೆದು ಉದ್ದ ಮಾಡಿ, ತಣ್ಣಗೆ ಮಾಡಿ, ನಾವೇ ಕಡಿಯಬೇಕು. ಎಸಿ ಕಾಂಟ್ಯಾಕ್ಟರಿನ ಪುಟ್ಟ ಸಂದಿಗೆ ಆ ತ್ರಾಣವಿಲ್ಲ. ಹೊತ್ತಿಕೊಂಡ ಕಿಡಿ ಪಾಯಿಂಟನ್ನು, ಪ್ಲಾಸ್ಟಿಕ್ಕನ್ನು, ಡಬ್ಬಿಯನ್ನು ತಿನ್ನುತ್ತಾ ಕೂರುತ್ತದೆ. ನನ್ನ ಚೀಲದಲ್ಲಿದ್ದ ಒಂದು ಸಣ್ಣ ರಿಲೇ ತೆಗೆದು ಅದರ ಮೈಮೇಲಿನ ಅಕ್ಷರ ಓದಿಸಿದೆ: 10 ಆಂಪಿಯರ್ 250 ವೋಲ್ಟ್ ಎಸಿ, ಅದರ ಕೆಳಗೇ 10 ಆಂಪಿಯರ್ 30 ವೋಲ್ಟ್ ಡಿಸಿ. ಎರಡಕ್ಕೂ ಅದೇ ಪಾಯಿಂಟು.

"ಇಷ್ಟೊಂದು ವ್ಯತ್ಯಾಸನಾ?" ಅಂದ. ಪ್ಯಾನೆಲ್ಲಿನ ವೋಲ್ಟೇಜಿಗೆ ತಕ್ಕ ಡಿಸಿ ಐಸೊಲೇಟರ್ ತರಲು ಚೀಟಿ ಬರೆದುಕೊಟ್ಟೆ. ಹಳೇ ಕಾಂಟ್ಯಾಕ್ಟರನ್ನು ಗುಜರಿಗೆ ಹಾಕಬೇಡ ಅಂತಲೂ ಹೇಳಿದೆ, ಅದರ ಪಾಯಿಂಟುಗಳು ಇನ್ನೂ ಚೆನ್ನಾಗಿದ್ದವು, ಕರ್ರಗೆ.